ತೆಳು ಮಂಜುಗಡ್ಡೆ, ಎಚ್ಚರಿಕೆ!

ನೀರಿನ ಮೇಲೆ ನಡೆಯುವುದು ನಮಗೆ ಪವಾಡದ ಕಥೆಗಳಲ್ಲಿ ಕೇಳಿದ ಸಂಗತಿ. ಉತ್ತರ ಅಮೆರಿಕದ ಶೀತ ಪ್ರದೇಶಗಳಲ್ಲಿ ಅದು ಪ್ರತಿ ಚಳಿಗಾಲದ ದಿನಚರಿ. ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದ ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿರುವ ವಿನ್ನಿಪೆಸಾಕಿ ಸರೋವರವನ್ನೇ ತೆಗೆದುಕೊಳ್ಳೋಣ. ಇದರ ವಿಸ್ತಾರ ಸುಮಾರು 186 ಚದರ ಕಿಲೋಮೀಟರ್. ಚಳಿಗಾಲದಲ್ಲಿ ಇದರ ಮೇಲ್ಮೈ ಹೆಪ್ಪುಗಟ್ಟಿದಾಗ ಜನ ಅದರ ಮೇಲೆ ನಡೆಯುತ್ತಾರೆ, ಸ್ಕೇಟಿಂಗ್ ಮಾಡುತ್ತಾರೆ, ತೂತು ಕೊರೆದು ಗಾಳ ಹಾಕುತ್ತಾರೆ, ಹಿಮದ ಮೇಲೆ ಓಡುವ ಸ್ನೋಮೊಬೈಲ್ ಎಂಬ ಮೋಟಾರು ಬಂಡಿಗಳಲ್ಲಿ ಸುತ್ತುತ್ತಾರೆ. ಆಲ್ಟನ್ ಬೇ ಎಂಬಲ್ಲಿ ಮಂಜುಗಡ್ಡೆ ಸಾಕಷ್ಟು ದಪ್ಪವಾದ ವರ್ಷಗಳಲ್ಲಿ ಅದರ ಮೇಲೆಯೇ ಸಣ್ಣ ವಿಮಾನಗಳು ಇಳಿಯುತ್ತವೆ.

ಇದೇ ಸರೋವರದ ದಂಡೆಯಲ್ಲಿ ಅಲ್ಲಲ್ಲಿ ಕಿತ್ತಳೆ ಬಣ್ಣದ ಫಲಕಗಳು ಕಾಣುತ್ತವೆ. ‘ಅಪಾಯ, ತೆಳು ಮಂಜುಗಡ್ಡೆ’ ಎಂಬುದು ಅವುಗಳ ಬರಹದ ಅರ್ಥ. ಆ ಜಾಗದಲ್ಲಿ ಮಂಜುಗಡ್ಡೆ ತೆಳುವಾಗಿರುವುದು ಪ್ರಕೃತಿಯಿಂದಲ್ಲ. ತನ್ನ ದೋಣಿಕಟ್ಟೆಯನ್ನು ಕಾಪಾಡಿಕೊಳ್ಳಲು ಯಾರೋ ಒಬ್ಬರು ನೀರಿನೊಳಗೆ ಒಂದು ಯಂತ್ರವನ್ನು ಓಡಿಸುತ್ತಿದ್ದಾರೆ. ಸೊತ್ತು ಒಬ್ಬರದು, ಆದರೆ ತೆಳುವಾಗುವ ಮಂಜುಗಡ್ಡೆ ಎಲ್ಲರೂ ಓಡಾಡುವ ದಾರಿ. ಹೀಗಾಗಿ ಈ ಯಂತ್ರಗಳ ಬಳಕೆಗೆ ಸರೋವರದ ಪ್ರದೇಶಗಳಲ್ಲಿ ನಿಯಮಗಳನ್ನು ಮಾಡಿದ್ದಾರೆ. ಕಾನೂನಿನ ಭಾಷೆಯಲ್ಲಿರುವ ಈ ನಿಯಮಗಳನ್ನು ಬಿಡಿಸಿ ನೋಡಿದರೆ ಪ್ರತಿಯೊಂದರ ಹಿಂದೆಯೂ ನಮ್ಮ ಪ್ರೌಢಶಾಲೆಯ ಭೌತವಿಜ್ಞಾನದ ಒಂದೊಂದು ಪಾಠ ಅಡಗಿರುವುದು ತಿಳಿಯುತ್ತದೆ.

ಜೆಟ್ಟಿಗೆ ಮಂಜುಗಡ್ಡೆಯಿಂದ ಏನು ತೊಂದರೆ?

ಸರೋವರದ ದಂಡೆಯಲ್ಲಿ ಮನೆಯಿರುವವರು ದೋಣಿ ಕಟ್ಟಲು ಮರದ ಜೆಟ್ಟಿಯನ್ನು ನಿರ್ಮಿಸುತ್ತಾರೆ. ಅಲ್ಲಿನವರು ಇದನ್ನು ‘ಡಾಕ್’ ಎನ್ನುತ್ತಾರೆ. ಕೆಲವು ಜೆಟ್ಟಿಗಳನ್ನು ಚಳಿಗಾಲಕ್ಕೆ ಮುನ್ನ ಬಿಚ್ಚಿ ದಡಕ್ಕೆ ಎಳೆದಿಡಬಹುದು. ತಳದ ಮಣ್ಣಿಗೆ ಕಂಬಗಳನ್ನು ಇಳಿಸಿ ಕಟ್ಟಿದ ಕಾಯಂ ಜೆಟ್ಟಿಗಳು ಮಾತ್ರ ನೀರಿನಲ್ಲೇ ಉಳಿಯಬೇಕು.

ಇವುಗಳ ಮೇಲೆ ಮಂಜುಗಡ್ಡೆ ಮೂರು ಬಗೆಯಲ್ಲಿ ಬಲ ಹಾಕುತ್ತದೆ. ಮೊದಲನೆಯದು ಉಷ್ಣ ವ್ಯಾಕೋಚನೆ. ಮಂಜುಗಡ್ಡೆಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಉದ್ದ ಸುಮಾರು 1 ಲಕ್ಷದಲ್ಲಿ 5 ಪಾಲು ಹೆಚ್ಚುತ್ತದೆ. 100 ಮೀಟರ್ ಉದ್ದದ ಹಾಸು 10 ಡಿಗ್ರಿ ಬೆಚ್ಚಗಾದರೆ 5 ಸೆಂಟಿಮೀಟರ್ ಹಿಗ್ಗುತ್ತದೆ. ಇಷ್ಟು ಹಿಗ್ಗಿದ ಹಾಸು ದಡದತ್ತ ಒತ್ತಿದರೆ ನಡುವೆ ಸಿಕ್ಕ ಮರದ ಕಂಬಗಳು ಬಾಗುತ್ತವೆ ಇಲ್ಲವೇ ಮುರಿಯುತ್ತವೆ. ಎರಡನೆಯದು ಮೇಲ್ಮುಖ ಬಲ. ಕಂಬವನ್ನು ಕಚ್ಚಿ ಹಿಡಿದ ಮಂಜುಗಡ್ಡೆ, ಸರೋವರದ ನೀರಿನ ಮಟ್ಟ ಏರಿದಾಗ ಕಂಬವನ್ನೂ ಎತ್ತುತ್ತದೆ. ಮಟ್ಟ ಇಳಿದಾಗ ಕಂಬ ಹಳೆಯ ಆಳಕ್ಕೆ ಮರಳುವುದಿಲ್ಲ, ಏಕೆಂದರೆ ಅದರ ಬುಡಕ್ಕೆ ಮಣ್ಣು ಜಾರಿಕೊಂಡಿರುತ್ತದೆ. ಕೆಲವು ಚಳಿಗಾಲ ಕಳೆಯುವಷ್ಟರಲ್ಲಿ ಕಂಬ ಹಲ್ಲು ಕಿತ್ತಂತೆ ಮೇಲೆ ಬಂದಿರುತ್ತದೆ. ಮೂರನೆಯದು ಗಾಳಿ. ವಸಂತ ಬಂದು ಹಾಸು ಒಡೆದಾಗ ಗಾಳಿಗೆ ಸಿಕ್ಕ ದೊಡ್ಡ ದೊಡ್ಡ ಹಲ್ಲೆಗಳು ತೇಲಿಬಂದು ಜೆಟ್ಟಿಗೆ ಅಪ್ಪಳಿಸುತ್ತವೆ.

ಕಂಬಗಳ ಸುತ್ತ ಮಂಜುಗಡ್ಡೆಯೇ ಕಟ್ಟದಂತೆ ಮಾಡಿದರೆ ಮೊದಲ ಎರಡು ತೊಂದರೆಗಳು ಬಹುಮಟ್ಟಿಗೆ ತಪ್ಪುತ್ತವೆ. ಮಂಜುಗಡ್ಡೆ ತಡೆಯುವ ಯಂತ್ರಗಳ ಉದ್ದೇಶ ಇಷ್ಟೆ.

ಶಾಖದ ಉಗ್ರಾಣ ಸರೋವರದ ತಳ

ನೀರಿನ ಅಸಂಗತ ವ್ಯಾಕೋಚನೆಯನ್ನು ನಾವೆಲ್ಲ ಓದಿದ್ದೇವೆ. ನೀರಿನ ಸಾಂದ್ರತೆ ಗರಿಷ್ಠವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆಗ ಒಂದು ಘನಮೀಟರ್ ನೀರಿನ ರಾಶಿ 999.97 ಕಿಲೋಗ್ರಾಂ. 0 ಡಿಗ್ರಿಯಲ್ಲಿ ಅದು 999.84 ಕಿಲೋಗ್ರಾಂ. ಮಂಜುಗಡ್ಡೆಯಾದರೆ ಕೇವಲ 917 ಕಿಲೋಗ್ರಾಂ. ನೀರಿನ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಅತಿ ಸಣ್ಣದು. ಆದರೆ ಸರೋವರದ ಚಳಿಗಾಲವನ್ನು ನಿರ್ಧರಿಸುವುದು ಆ ಸಣ್ಣ ವ್ಯತ್ಯಾಸವೇ.

ಶರತ್ಕಾಲದಲ್ಲಿ ಮೇಲಿನ ನೀರು ತಣ್ಣಗಾಗಿ, ಭಾರವಾಗಿ, ಕೆಳಗಿಳಿಯುತ್ತದೆ. ಇಡೀ ಸರೋವರ ಸುಮಾರು 4 ಡಿಗ್ರಿಗೆ ಬಂದ ಮೇಲೆ ಈ ಕ್ರಮ ತಲೆಕೆಳಗಾಗುತ್ತದೆ. ಇನ್ನೂ ತಣ್ಣಗಾದ ನೀರು ಹಗುರವಾಗಿ ಮೇಲೆಯೇ ಉಳಿದು ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಮೇಲೆ 0 ಡಿಗ್ರಿಯ ಮಂಜುಗಡ್ಡೆ, ಕೆಳಗೆ ಹೋದಂತೆ 1, 2, 3 ಡಿಗ್ರಿಯ ನೀರು, ಆಳದ ತಳದಲ್ಲಿ ಸುಮಾರು 4 ಡಿಗ್ರಿಯ ನೀರು. ಬೇಸಿಗೆಯ ಬಿಸಿಲಿನಲ್ಲಿ ಸರೋವರ ಕೂಡಿಟ್ಟ ಉಷ್ಣದ ಒಂದು ಪಾಲು ಹೀಗೆ ಚಳಿಗಾಲವಿಡೀ ತಳದಲ್ಲಿ ಉಳಿದಿರುತ್ತದೆ.

ಯಂತ್ರ ಮಾಡುವ ಕೆಲಸ

ಈ ಯಂತ್ರಗಳಲ್ಲಿ ಎರಡು ಬಗೆ. ಒಂದು, ಗುಳ್ಳೆ ಬಿಡುವ ‘ಬಬ್ಲರ್’. ದಡದಲ್ಲಿರುವ ಕಂಪ್ರೆಸರ್ ತಳದಲ್ಲಿ ಹಾಸಿದ ತೂತುಗಳುಳ್ಳ ಕೊಳವೆಗೆ ಗಾಳಿಯನ್ನು ನೂಕುತ್ತದೆ. ಮೇಲೇರುವ ಗುಳ್ಳೆಗಳು ತಳದ ನೀರನ್ನೂ ತಮ್ಮೊಂದಿಗೆ ಎಳೆದುಕೊಂಡು ಬರುತ್ತವೆ. ಇನ್ನೊಂದು, ನೀರಿನಲ್ಲಿ ಮುಳುಗಿಸಿ ಹಗ್ಗದಿಂದ ತೂಗುಹಾಕುವ ಮೋಟಾರು. ಅದರ ರೆಕ್ಕೆಗಳು ತಿರುಗಿ ಕೆಳಗಿನ ನೀರನ್ನು ಮೇಲಕ್ಕೆ ತಳ್ಳುತ್ತವೆ.

ಮೋಟಾರು ನೀರನ್ನು ಬಿಸಿಮಾಡುತ್ತದೆ ಎಂಬ ಭಾವನೆ ಸಹಜ. ಅದು ಸರಿಯಲ್ಲವೆಂದು ಒಂದು ಸ್ಥೂಲ ಲೆಕ್ಕದಿಂದ ತೋರಿಸಬಹುದು. ಜೆಟ್ಟಿಯ ಸುತ್ತ 10 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗ ತೆರೆದಿದೆ ಎನ್ನೋಣ. ಗಾಳಿಯ ಉಷ್ಣತೆ ಸೊನ್ನೆಗಿಂತ 10 ಡಿಗ್ರಿ ಕೆಳಗಿದೆ. ತೆರೆದ ನೀರು ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 20 ವಾಟ್ ಕಳೆದುಕೊಳ್ಳುತ್ತದೆಂದು ಇಟ್ಟುಕೊಂಡರೆ ಒಟ್ಟು ನಷ್ಟ 20 ಕಿಲೋವಾಟ್. ಅರ್ಧ ಅಶ್ವಶಕ್ತಿಯ ಮೋಟಾರು ಸೆಳೆಯುವ ವಿದ್ಯುತ್ತು ಸುಮಾರು ಅರ್ಧ ಕಿಲೋವಾಟ್. ಅಂದರೆ ಬೇಕಾದ ಉಷ್ಣದ ನಲವತ್ತನೆಯ ಒಂದು ಭಾಗ ಮಾತ್ರ ಮೋಟಾರಿನಿಂದ ಬರಬಹುದು. ಉಳಿದದ್ದೆಲ್ಲ ಸರೋವರದ ಉಗ್ರಾಣದಿಂದಲೇ ಬರಬೇಕು. ಮೋಟಾರು ಒಲೆಯಲ್ಲ, ಹಮಾಲಿ.

ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸೋಣ. ತಳದ ನೀರು 2 ಡಿಗ್ರಿಯಲ್ಲಿದ್ದು ಮೇಲೆ ಬಂದು 0 ಡಿಗ್ರಿಗೆ ಇಳಿದರೆ ಒಂದು ಕಿಲೋಗ್ರಾಂ ನೀರು 8.4 ಕಿಲೋಜೂಲ್ ಉಷ್ಣ ಕೊಡುತ್ತದೆ. 20 ಕಿಲೋವಾಟ್ ಪೂರೈಸಲು ಸೆಕೆಂಡಿಗೆ ಸುಮಾರು 2.4 ಕಿಲೋಗ್ರಾಂ, ದಿನಕ್ಕೆ ಸುಮಾರು 200 ಟನ್ ನೀರು ಬೇಕು. ಆ ಜಾಗದಲ್ಲಿ ನೀರಿನ ಆಳ 2 ಮೀಟರ್ ಆದರೆ ಅಲ್ಲಿರುವ ಒಟ್ಟು ನೀರೂ 200 ಟನ್ನೇ! ಜೆಟ್ಟಿಯ ಕೆಳಗಿನ ಉಗ್ರಾಣ ಒಂದೇ ದಿನದಲ್ಲಿ ಖಾಲಿ. ಮರುದಿನದಿಂದ ಬೆಚ್ಚನೆಯ ನೀರು ಸುತ್ತಲ ಜಾಗದಿಂದ, ಎಂದರೆ ಪಕ್ಕದವರ ದಂಡೆಯ ಮುಂದಿನಿಂದ, ಮಂಜುಗಡ್ಡೆಯ ಅಡಿಯಿಂದ ಹರಿದು ಬರಬೇಕು. ಯಂತ್ರದ ಪ್ರಭಾವ ಅದರ ಒಡೆಯನ ಬೇಲಿಯೊಳಗೆ ನಿಲ್ಲುವುದಿಲ್ಲ ಎಂಬುದು ಇದರಿಂದ ಸ್ಪಷ್ಟ.

ಕಾಣುವ ತೂತು, ಕಾಣದ ಅಂಚು

ತೆರೆದ ನೀರು ಹಗಲಿನಲ್ಲಿ ಕಣ್ಣಿಗೆ ಕಾಣುತ್ತದೆ. ನಿಜವಾದ ಅಪಾಯವಿರುವುದು ಅದರ ಸುತ್ತಲ ಅಂಚಿನಲ್ಲಿ. ಮೇಲೆ ಬಂದ ನೀರು ಅಲ್ಲಿಯೇ ನಿಲ್ಲದೆ ಮಂಜುಗಡ್ಡೆಯ ಅಡಿಗೆ ಹರಡಿ ಅದನ್ನು ಕೆಳಗಿನಿಂದ ಸವೆಸುತ್ತದೆ. ಮೇಲಿನಿಂದ ನೋಡುವವನಿಗೆ ಇದರ ಸುಳಿವೇ ಇರುವುದಿಲ್ಲ.

ಮಂಜುಗಡ್ಡೆಯ ದಪ್ಪ ಎಂಬುದು ಒಂದು ಹಗ್ಗಜಗ್ಗಾಟದ ಫಲಿತಾಂಶ. ಮೇಲಿನ ಚಳಿ ಮಂಜುಗಡ್ಡೆಯ ಮೂಲಕ ಉಷ್ಣವನ್ನು ಹೊರಗೆಳೆಯುತ್ತದೆ. ಕೆಳಗಿನ ನೀರು ಉಷ್ಣವನ್ನು ಒದಗಿಸುತ್ತದೆ. ಮಂಜುಗಡ್ಡೆಯ ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ ಸುಮಾರು 2.2 ವಾಟ್. 10 ಸೆಂಟಿಮೀಟರ್ ದಪ್ಪದ ಹಾಸಿನ ಮೇಲ್ಮೈ ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದರೆ ಪ್ರತಿ ಚದರ ಮೀಟರಿನಿಂದ 220 ವಾಟ್ ಹೊರಹೋಗುತ್ತದೆ. ಹೆಪ್ಪುಗಟ್ಟುವಾಗ ಒಂದು ಕಿಲೋಗ್ರಾಂ ನೀರು ಬಿಡುಗಡೆ ಮಾಡುವ ಗುಪ್ತೋಷ್ಣ 334 ಕಿಲೋಜೂಲ್. ಈ ಎರಡನ್ನು ಸೇರಿಸಿದರೆ ಹಾಸು ಆ ಹಂತದಲ್ಲಿ ದಿನಕ್ಕೆ ಸುಮಾರು 6 ಸೆಂಟಿಮೀಟರಿನಂತೆ ಬೆಳೆಯಬೇಕು. ಕೆಳಗಿನಿಂದ ಯಂತ್ರ ತಳ್ಳುವ ನೀರು ಅದೇ 220 ವಾಟ್ ಒದಗಿಸಿದರೆ ಬೆಳವಣಿಗೆ ನಿಂತೇಹೋಗುತ್ತದೆ. ಅದಕ್ಕಿಂತ ಹೆಚ್ಚಾದರೆ ಇದ್ದ ಮಂಜುಗಡ್ಡೆಯೂ ಕರಗುತ್ತದೆ.

ಇದರ ಮೇಲೆ ಹಿಮ ಸುರಿದರೆ? ಹಿಮದ ಉಷ್ಣವಾಹಕತೆ ಮಂಜುಗಡ್ಡೆಯದರ ಹತ್ತನೆಯ ಒಂದು ಭಾಗದಷ್ಟು. 10 ಸೆಂಟಿಮೀಟರ್ ಹಿಮದ ಹೊದಿಕೆ ಬಿದ್ದರೆ ಮೇಲಕ್ಕೆ ಹೋಗುವ ಉಷ್ಣ 220 ವಾಟಿನಿಂದ ಸುಮಾರು 20 ವಾಟಿಗೆ ಇಳಿಯುತ್ತದೆ. ಕೆಳಗಿನ ನೀರು ಮಾತ್ರ ತನ್ನ ಕೆಲಸವನ್ನು ಮುಂದುವರಿಸುತ್ತಲೇ ಇರುತ್ತದೆ. ಹೀಗೆ ಹಿಮ ತೆಳು ಮಂಜುಗಡ್ಡೆಯನ್ನು ಮರೆಮಾಡುತ್ತದೆ, ಇನ್ನಷ್ಟು ತೆಳುವಾಗಲೂ ನೆರವಾಗುತ್ತದೆ.

ದಪ್ಪ ಕಡಿಮೆಯಾದಾಗ ಬಲ ಎಷ್ಟು ಕುಂದುತ್ತದೆ? ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಲಿಯಲ್ಲಿದ್ದ ಲಾರ್ನ್ ಗೋಲ್ಡ್ 1971ರಲ್ಲಿ ಪ್ರಕಟಿಸಿದ ಸೂತ್ರವನ್ನು ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ. ಅದರಂತೆ ಮಂಜುಗಡ್ಡೆ ಹೊರಬಲ್ಲ ಭಾರ ಅದರ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಎಚ್ಚರಿಕೆಯ ಗುಣಾಂಕವಾದ 3.5 ಅನ್ನು ತೆಗೆದುಕೊಂಡರೆ 10 ಸೆಂಟಿಮೀಟರಿನ ಒಳ್ಳೆಯ ಮಂಜುಗಡ್ಡೆ 350 ಕಿಲೋಗ್ರಾಂ ಹೊರುತ್ತದೆ. 5 ಸೆಂಟಿಮೀಟರ್ ಆದರೆ 87 ಕಿಲೋಗ್ರಾಂ ಮಾತ್ರ. ದಪ್ಪ ಅರ್ಧವಾದರೆ ಬಲ ಕಾಲುಭಾಗ. ದೂರದಲ್ಲಿ ಗಟ್ಟಿಯಿದ್ದ ಮಂಜುಗಡ್ಡೆಯನ್ನು ನಂಬಿ ಹೆಜ್ಜೆ ಹಾಕುತ್ತ ಬಂದವನು ಯಂತ್ರದ ಸಮೀಪ ನೀರಿಗೆ ಬೀಳುವುದು ಈ ವರ್ಗನಿಯಮದಿಂದಾಗಿ.

ಇನ್ನೂ ಕೆಟ್ಟ ಸ್ಥಿತಿಯೊಂದಿದೆ. ರಾತ್ರಿ ವಿದ್ಯುತ್ತು ಹೋಗಿ ಯಂತ್ರ ನಿಂತರೆ ತೆರೆದ ನೀರಿನ ಮೇಲೆ ತೆಳು ಪೊರೆ ಕಟ್ಟುತ್ತದೆ. ಅದರ ಮೇಲೆ ಹಿಮ ಉದುರಿದರೆ ಬೆಳಗ್ಗೆ ಅದಕ್ಕೂ ಉಳಿದ ಹಾಸಿಗೂ ಕಣ್ಣಿಗೆ ಯಾವ ವ್ಯತ್ಯಾಸವೂ ಇರುವುದಿಲ್ಲ.

ನಿಯಮಗಳು ಏನು ಹೇಳುತ್ತವೆ?

ನ್ಯೂ ಹ್ಯಾಂಪ್‌ಷೈರಿನಲ್ಲಿ 10 ಎಕರೆಗಿಂತ ದೊಡ್ಡದಾದ ನೈಸರ್ಗಿಕ ಸರೋವರಗಳು ಸಾರ್ವಜನಿಕ ಸೊತ್ತು. ದಂಡೆಯ ಮನೆ ಖಾಸಗಿಯಾದರೂ ನೀರು, ನೀರಿನ ಮೇಲಿನ ಮಂಜುಗಡ್ಡೆ ಎಲ್ಲರದು. ನೀರು ಸಹಜವಾಗಿ ಹೆಪ್ಪುಗಟ್ಟುವುದನ್ನು ತಡೆಯುವ ಸಾಧನಗಳ ಬಗ್ಗೆ ಅಲ್ಲಿನ ರಾಜ್ಯ ಕಾನೂನು ಎರಡು ಮುಖ್ಯ ಮಾತುಗಳನ್ನು ಹೇಳುತ್ತದೆ.

ಒಂದು: ಸಾಧನದ ಒಡೆಯನದಲ್ಲದ ಬೇರೆ ಯಾವುದೇ ಜಾಗದಿಂದ ಮಂಜುಗಡ್ಡೆಗೆ ಇಳಿಯುವ ಅಥವಾ ಮಂಜುಗಡ್ಡೆಯಿಂದ ದಡಕ್ಕೆ ಬರುವ ದಾರಿಗೆ ಅಡ್ಡಿಯಾಗುವಂತೆ ಅದನ್ನು ನಡೆಸಕೂಡದು. ದಿನಕ್ಕೆ 200 ಟನ್ ನೀರಿನ ಲೆಕ್ಕವನ್ನು ನೆನೆದರೆ ಈ ನಿಯಮದ ಅಗತ್ಯ ಅರ್ಥವಾಗುತ್ತದೆ. ಸಾಲಾಗಿ ನಾಲ್ಕಾರು ಮನೆಗಳವರು ದೊಡ್ಡ ಯಂತ್ರಗಳನ್ನು ಹಗಲೂ ರಾತ್ರಿ ಓಡಿಸಿದರೆ ದಂಡೆಯುದ್ದಕ್ಕೂ ತೆಳು ಮಂಜುಗಡ್ಡೆಯ ಪಟ್ಟಿಯೇ ಉಂಟಾಗುತ್ತದೆ. ನಡುಸರೋವರದಲ್ಲಿ ಸುರಕ್ಷಿತವಾಗಿದ್ದವನು ದಡ ಸೇರುವಾಗ ಮುಳುಗುವ ಸಂಭವವಿರುತ್ತದೆ.

ಎರಡು: ಸಾಧನವಿರುವಲ್ಲಿ ‘ಅಪಾಯ, ತೆಳು ಮಂಜುಗಡ್ಡೆ’ ಎಂಬ ಫಲಕ ಹಾಕಬೇಕು. ಅದನ್ನು 150 ಅಡಿ, ಅಂದರೆ ಸುಮಾರು 45 ಮೀಟರ್ ದೂರದಿಂದ ಓದಲು ಆಗಬೇಕು. ಅದು ಎಲ್ಲ ದಿಕ್ಕುಗಳಿಂದಲೂ ಕಾಣಬೇಕು, ಕಿತ್ತಳೆ ಬಣ್ಣದ್ದಾಗಿರಬೇಕು, ಬೆಳಕು ಬಿದ್ದರೆ ಹೊಳೆಯುವ ಪ್ರತಿಫಲಕಗಳು ಅದರಲ್ಲಿರಬೇಕು. ಸರೋವರದ ಮೇಲೆ ರಸ್ತೆಯಂತೆ ಒಂದೇ ದಿಕ್ಕಿನ ಸಂಚಾರವಿಲ್ಲ, ಬೀದಿದೀಪಗಳೂ ಇಲ್ಲ. ಆದ್ದರಿಂದಲೇ ಎಲ್ಲ ದಿಕ್ಕು ಮತ್ತು ಪ್ರತಿಫಲಕಗಳ ಷರತ್ತು.

ಇತರ ಕಡೆಗಳ ಕ್ರಮ ಸ್ವಲ್ಪ ಬೇರೆ. ಮಿನ್ನೆಸೋಟಾ ರಾಜ್ಯದಲ್ಲಿ ಇಂಥ ಯಂತ್ರಗಳನ್ನೂ, ಚಳಿಗಾಲದಲ್ಲಿ ಮೀನುಗಳಿಗೆ ಆಕ್ಸಿಜನ್ ಒದಗಿಸಲು ಗಾಳಿಯೂಡುವ ಯಂತ್ರಗಳನ್ನೂ ಒಂದೇ ಕಾನೂನಿನಡಿ ನೋಡುತ್ತಾರೆ. ಉದ್ದೇಶ ಬೇರೆಯಾದರೂ ಮಂಜುಗಡ್ಡೆಯ ಮೇಲಾಗುವ ಪರಿಣಾಮ ಒಂದೇ ತಾನೆ! ಸಾರ್ವಜನಿಕ ನೀರಿನಲ್ಲಿ ಇವನ್ನು ನಡೆಸಲು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಅನುಮತಿ ಬೇಕು. ಯಂತ್ರ ಆರಂಭಿಸುವ ಮೊದಲು ಸಾರ್ವಜನಿಕರಿಗೆ ತಿಳಿವಳಿಕೆ ಕೊಡಬೇಕು, ಅಪಾಯದ ಜಾಗಕ್ಕೆ ಗುರುತು ಫಲಕಗಳನ್ನು ಹಾಕಬೇಕು. ಕೆನಡಾದಲ್ಲಿ ಇದು ದಂಡಸಂಹಿತೆಗೇ ಸೇರಿದ ವಿಷಯ. ಅದರ 263ನೆಯ ವಿಧಿಯ ಪ್ರಕಾರ, ಸಾರ್ವಜನಿಕರು ಓಡಾಡುವ ಮಂಜುಗಡ್ಡೆಯಲ್ಲಿ ತೆರವು ಮಾಡಿದವನು ಜನ ಅದರಲ್ಲಿ ಬೀಳದಂತೆ ಕಾವಲು ಮಾಡಬೇಕು, ಅದು ಇದೆಯೆಂದು ಎಚ್ಚರಿಸಲೂಬೇಕು. ಈ ಕರ್ತವ್ಯ ತಪ್ಪಿ ಯಾರಾದರೂ ಸತ್ತರೆ ಅದು ನರಹತ್ಯೆಯ ಅಪರಾಧವಾಗಬಹುದು. ಇವಲ್ಲದೆ ಆಯಾ ಊರಿನ ಆಡಳಿತ ಹೆಚ್ಚಿನ ನಿಯಮಗಳನ್ನು ಮಾಡುವುದೂ ಉಂಟು. ಆದ್ದರಿಂದ ಯಂತ್ರ ಕೊಳ್ಳುವ ಮೊದಲು ಊರಿನ ಕಚೇರಿಯಲ್ಲಿ ವಿಚಾರಿಸುವುದು ಮೊದಲ ಹೆಜ್ಜೆ.

ಫಲಕ ಸಾಕೆ? ಒಂದು ಲೆಕ್ಕ

ಹನ್ನೊಂದನೆಯ ತರಗತಿಯ ವಿದ್ಯಾರ್ಥಿಗಳು ಮಾಡಬಹುದಾದ ಲೆಕ್ಕ ಇದು. ಸ್ನೋಮೊಬೈಲ್ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಎಂದರೆ ಸೆಕೆಂಡಿಗೆ 16.7 ಮೀಟರಿನಂತೆ ಬರುತ್ತಿದೆ. ತೆರೆದ ನೀರಿನ ಪಕ್ಕದಲ್ಲೇ ಇರುವ ಫಲಕವನ್ನು ಸವಾರ 45 ಮೀಟರ್ ದೂರದಿಂದ ಓದುತ್ತಾನೆ. ಓದಿ, ತಿಳಿದು, ಬ್ರೇಕ್ ಹಾಕಲು ಒಂದೂವರೆ ಸೆಕೆಂಡು ಬೇಕೆಂದರೆ ಅಷ್ಟರಲ್ಲಿ 25 ಮೀಟರ್ ಸಾಗಿರುತ್ತಾನೆ. ಗಟ್ಟಿ ಹಿಮದ ಮೇಲೆ ಘರ್ಷಣಾಂಕ 0.2 ಎಂದು ಹಿಡಿದರೆ ನಿಲ್ಲಲು ಇನ್ನೂ 71 ಮೀಟರ್ ಬೇಕು. ಒಟ್ಟು 96 ಮೀಟರ್. ಇರುವುದು 45!

ಅದೇ ಊಹೆಗಳ ಮೇಲೆ, 45 ಮೀಟರಿನೊಳಗೆ ನಿಲ್ಲಬೇಕಾದರೆ ವೇಗ ಗಂಟೆಗೆ ಸುಮಾರು 38 ಕಿಲೋಮೀಟರಿಗಿಂತ ಹೆಚ್ಚಿರಬಾರದು. ಇದರಿಂದ ಎರಡು ವಿಷಯಗಳನ್ನು ತಿಳಿಯಬಹುದು. ಕಾನೂನು ಕೇಳುವುದು ಕನಿಷ್ಠ ಎಚ್ಚರಿಕೆಯನ್ನು ಮಾತ್ರ. ವಿವೇಕಿಯಾದ ಒಡೆಯ ತೆಳು ಅಂಚಿನಿಂದ ಸಾಕಷ್ಟು ಆಚೆಯೂ ಫಲಕಗಳನ್ನು ನೆಡುತ್ತಾನೆ, ನಡುವೆ ಹೊಳೆಯುವ ಹಗ್ಗ ಕಟ್ಟುತ್ತಾನೆ. ಸವಾರನೂ ದಂಡೆಯ ಸಮೀಪ ವೇಗ ತಗ್ಗಿಸಬೇಕು.

ಬಳಸುವ ಕ್ರಮ

ಯಂತ್ರ ಬಳಸುವುದು ಅನಿವಾರ್ಯವಾದರೆ ತೆರವು ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಕಂಬದ ಸುತ್ತ ಸ್ವಲ್ಪ ಜಾಗ ತೆರೆದಿದ್ದರೆ ಕಂಬಕ್ಕೆ ಸಾಕು. ಇಡೀ ಅಂಗಳದಷ್ಟು ನೀರು ತೆರೆದಿಡುವುದರಿಂದ ಜೆಟ್ಟಿಗೆ ಯಾವ ಲಾಭವೂ ಇಲ್ಲ, ಉಗ್ರಾಣ ಮಾತ್ರ ಬೇಗ ಬರಿದಾಗುತ್ತದೆ. ಆಳವಿಲ್ಲದ ಕೊಲ್ಲಿಯಲ್ಲಿ ತಳದ ನೀರು 0 ಡಿಗ್ರಿಯ ಹತ್ತಿರಕ್ಕೆ ಬಂದುಬಿಟ್ಟರೆ, ತೀವ್ರ ಚಳಿ ಬಂದಾಗ ಯಂತ್ರ ಓಡುತ್ತಿದ್ದರೂ ಮಂಜುಗಡ್ಡೆ ಕಟ್ಟುತ್ತದೆ.

ಗಾಳಿಯ ಉಷ್ಣತೆ ಘನೀಭವನ ಬಿಂದುವಿಗಿಂತ ಕೆಳಗಿಳಿದಾಗ ಮಾತ್ರ ಯಂತ್ರವನ್ನು ಚಾಲೂ ಮಾಡುವ ಥರ್ಮೋಸ್ಟಾಟ್, ದಿನದ ಕೆಲವು ಗಂಟೆ ಮಾತ್ರ ಓಡಿಸುವ ಟೈಮರ್, ಇವೆರಡನ್ನೂ ಜೋಡಿಸುವುದು ಒಳ್ಳೆಯ ಕ್ರಮ. ವಿದ್ಯುತ್ ಖರ್ಚೂ ಉಳಿಯುತ್ತದೆ. ಮೋಟಾರನ್ನು ಹೊರಕ್ಕೆ, ಸರೋವರದ ನಡುವಿನತ್ತ ತಿರುಗಿಸಿಡಬಾರದು. ನೇರ ಮೇಲ್ಮುಖವಾಗಿ ಅಥವಾ ಜೆಟ್ಟಿಯ ಅಡಿಗೆ ಇರಿಸಬೇಕು. ತಳಕ್ಕೆ ತೀರ ಹತ್ತಿರ ಇಟ್ಟರೆ ಕೆಸರು ಕದಡಿ, ಅದರಲ್ಲಿ ಕುಳಿತಿದ್ದ ಪೋಷಕಾಂಶಗಳು ನೀರಿಗೆ ಸೇರುತ್ತವೆ.

ನೀರಿನಲ್ಲಿ ವಿದ್ಯುತ್ತು ಇರುವುದರಿಂದ ಇನ್ನೊಂದು ಎಚ್ಚರ ಬೇಕು. ಸಿಹಿನೀರಿನ ವಿದ್ಯುದ್ವಾಹಕತೆ ಮಾನವ ದೇಹದ ವಾಹಕತೆಗಿಂತ ಕಡಿಮೆ. ಮೋಟಾರಿನ ತಂತಿ ಸವೆದು ವಿದ್ಯುತ್ತು ಸೋರಿದರೆ ಅದು ನೀರಿಗಿಂತ ಸುಲಭದ ದಾರಿಯಾದ ದೇಹದ ಮೂಲಕ ಹರಿಯುತ್ತದೆ. ಸ್ನಾಯುಗಳು ಸೆಟೆದುಕೊಂಡು ಈಜಲಾಗದೆ ಮುಳುಗುವ ಅಪಾಯವಿದೆ. ನಮ್ಮ ಮನೆಗಳ ಸೋರಿಕೆ ತಡೆ ಸ್ವಿಚ್ಚು ಸಾಮಾನ್ಯವಾಗಿ 30 ಮಿಲಿ ಆಂಪಿಯರಿಗೆ ಕೆಲಸ ಮಾಡಿದರೆ, ಅಮೆರಿಕದಲ್ಲಿ ಜನರ ರಕ್ಷಣೆಗೆಂದು ಬಳಸುವ ಸ್ವಿಚ್ಚು ಸುಮಾರು 5 ಮಿಲಿ ಆಂಪಿಯರಿಗೇ ವಿದ್ಯುತ್ತು ಕಡಿದುಹಾಕುತ್ತದೆ. ಅದಿಲ್ಲದೆ ಯಂತ್ರವನ್ನು ನೀರಿಗಿಳಿಸಬಾರದು.

ಚಳಿಗಾಲಕ್ಕೆ ಬಿಚ್ಚಿಡಬಹುದಾದ ಜೆಟ್ಟಿಯನ್ನೇ ಕಟ್ಟಿದರೆ ಈ ಯಾವ ರಗಳೆಯೂ ಇಲ್ಲ. ಎಲ್ಲಕ್ಕಿಂತ ಸುರಕ್ಷಿತವಾದ ಉಪಾಯ ಅದೇ.

ನೀರಿಗೆ ಬಿದ್ದರೆ

ಮಂಜುಗಡ್ಡೆಯ ಮೇಲೆ ಕಾಲಿಡುವವರಿಗೂ ನಿಯಮಗಳಿವೆ. ಅಮೆರಿಕ ಸೇನೆಯ ಶೀತಪ್ರದೇಶ ಸಂಶೋಧನಾಲಯ ಇರುವುದು ನ್ಯೂ ಹ್ಯಾಂಪ್‌ಷೈರಿನ ಹ್ಯಾನೊವರ್ ಊರಿನಲ್ಲಿಯೇ. ಆ ರಾಜ್ಯದ ಮೀನು ಮತ್ತು ಬೇಟೆ ಇಲಾಖೆ, ಒಬ್ಬರು ನಡೆದುಹೋಗಲು ಕನಿಷ್ಠ 6 ಅಂಗುಲ, ಸ್ನೋಮೊಬೈಲಿಗೆ 8ರಿಂದ 10 ಅಂಗುಲ ಗಟ್ಟಿ ಮಂಜುಗಡ್ಡೆ ಇರಬೇಕೆಂದು ಸಲಹೆ ಕೊಡುತ್ತದೆ. ದಪ್ಪವನ್ನು ಒಂದೇ ಕಡೆ ಅಳೆದರೆ ಸಾಲದು, ಮುಂದೆ ಹೋದಂತೆ ಕೊರೆದು ನೋಡುತ್ತಿರಬೇಕು.

ಬಿದ್ದವರ ಬಗ್ಗೆ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಪ್ರಚಾರಕ್ಕೆ ತಂದ ‘1-10-1’ ಸೂತ್ರ ನೆನಪಿಡಲು ಸುಲಭ. ಮೊದಲ 1 ನಿಮಿಷ ಚಳಿಯ ಆಘಾತದಿಂದ ಏದುಸಿರು ಬರುತ್ತದೆ. ಗಾಬರಿಯಾಗದೆ ಉಸಿರನ್ನು ಹತೋಟಿಗೆ ತರಬೇಕು. ಮುಂದಿನ 10 ನಿಮಿಷ ಕೈಕಾಲುಗಳು ಹೇಳಿದಂತೆ ಕೇಳುತ್ತವೆ. ಹೊರಬರುವ ಯತ್ನವನ್ನು ಆಗಲೇ ಮಾಡಬೇಕು. ದೇಹ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಹಿಡಿಯುತ್ತದೆ. ಬಂದ ದಿಕ್ಕಿಗೇ ತಿರುಗಿ, ಕಾಲು ಬಡಿಯುತ್ತ ಮೈಯನ್ನು ಅಡ್ಡಲಾಗಿಸಿ ಹಾಸಿನ ಮೇಲೆ ಜಾರಬೇಕು. ಮೇಲೆ ಬಂದ ಕೂಡಲೆ ಎದ್ದು ನಿಲ್ಲದೆ ಉರುಳುತ್ತ ದೂರ ಸಾಗಬೇಕು. ಉರುಳುವಾಗ ಭಾರ ಹೆಚ್ಚು ಜಾಗಕ್ಕೆ ಹರಡುತ್ತದೆ. ನೋಡಿದವರು ಹತ್ತಿರ ಓಡಿಹೋಗದೆ ಹಗ್ಗ, ಏಣಿ ಅಥವಾ ಉದ್ದನೆಯ ಕೋಲನ್ನು ಚಾಚಬೇಕು, ರಕ್ಷಣಾ ದಳಕ್ಕೆ ಸುದ್ದಿ ಮುಟ್ಟಿಸಬೇಕು.

ಬದಲಾಗುತ್ತಿರುವ ಚಳಿಗಾಲ

ವಿನ್ನಿಪೆಸಾಕಿಯ ಮಂಜುಗಡ್ಡೆ ಕರಗಿ ‘ಮೌಂಟ್ ವಾಷಿಂಗ್ಟನ್’ ಎಂಬ ಹಡಗು ತನ್ನ ಎಲ್ಲ ನಿಲ್ದಾಣಗಳಿಗೆ ಹೋಗಬಲ್ಲ ದಿನವನ್ನು ಪ್ರತಿ ವರ್ಷ ಘೋಷಿಸುತ್ತಾರೆ. ಇದರ ದಾಖಲೆ 1887ರಿಂದ ಇದೆ. 1888ರಲ್ಲಿ ಆ ದಿನ ಬಂದದ್ದು ಮೇ 12ಕ್ಕೆ. 2016ರಲ್ಲಿ ಮಾರ್ಚ್ 18ಕ್ಕೆ, 2024ರಲ್ಲಿ ಮಾರ್ಚ್ 17ಕ್ಕೆ ಸರೋವರ ತೆರೆದುಕೊಂಡಿತು.

ಚಳಿ ಕಡಿಮೆಯಾದರೆ ಅಪಾಯವೂ ಕಡಿಮೆಯಾಗಬೇಕಲ್ಲವೆ? ಹಾಗಾಗುವುದಿಲ್ಲ. ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದ ಸಪ್ನಾ ಶರ್ಮಾ ಮತ್ತು ಸಂಗಡಿಗರು ಹತ್ತು ದೇಶಗಳ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚಳಿಗಾಲದ ಗಾಳಿಯ ಉಷ್ಣತೆ ಸೊನ್ನೆಗೂ ಸೊನ್ನೆಗಿಂತ 5 ಡಿಗ್ರಿ ಕೆಳಗಿನ ಮಟ್ಟಕ್ಕೂ ನಡುವೆ ಇದ್ದಾಗ ಮುಳುಗಿ ಸಾಯುವವರ ಸಂಖ್ಯೆ ಹೆಚ್ಚು. ಮಂಜುಗಡ್ಡೆ ಇರುತ್ತದೆ, ಆದರೆ ನಂಬುವಷ್ಟು ಗಟ್ಟಿಯಾಗಿರುವುದಿಲ್ಲ. ಇಂಥ ದಿನಗಳಲ್ಲಿ ಯಂತ್ರ ತೆರೆಯುವ ಜಾಗ ಇನ್ನಷ್ಟು ಹಿಗ್ಗುತ್ತದೆ. ಥರ್ಮೋಸ್ಟಾಟ್ ಮತ್ತು ಫಲಕಗಳ ಅಗತ್ಯ ಹೆಚ್ಚುವುದು ಬೆಚ್ಚನೆಯ ಚಳಿಗಾಲಗಳಲ್ಲಿಯೇ.

ತರಗತಿಯಲ್ಲಿ ಮಾಡಿ ನೋಡಿ

ನಮ್ಮ ಕರ್ನಾಟಕದ ಕೆರೆಗಳು ಹೆಪ್ಪುಗಟ್ಟುವುದಿಲ್ಲ. ಆದರೂ ಈ ಯಂತ್ರದ ತತ್ತ್ವವನ್ನು ಶಾಲೆಯಲ್ಲಿ ತೋರಿಸಬಹುದು. ಸ್ಕಾಟ್ಲೆಂಡಿನ ಥಾಮಸ್ ಚಾರ್ಲ್ಸ್ ಹೋಪ್ 1805ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ ಸಣ್ಣ ಸೇರ್ಪಡೆ ಮಾಡಿದರೆ ಆಯಿತು.

ಒಂದೇ ಅಳತೆಯ ಎರಡು ಎತ್ತರದ ಗಾಜಿನ ಜಾಡಿಗಳಿಗೆ ತಣ್ಣೀರು ತುಂಬಿ, ಸುತ್ತ ಥರ್ಮೋಕೋಲ್ ಹಾಳೆ ಕಟ್ಟಿ. ತಳಕ್ಕೆ ಹತ್ತಿರವಾಗಿ ಒಂದು, ಮೇಲ್ಭಾಗದಲ್ಲಿ ಒಂದು ಉಷ್ಣತಾಮಾಪಕ ಇರಲಿ. ಎರಡರಲ್ಲೂ ಸಮನಾಗಿ ಮಂಜುಗಡ್ಡೆ ಚೂರುಗಳನ್ನು ತೇಲಿಬಿಡಿ. ತಳದ ನೀರು 4 ಡಿಗ್ರಿಯ ಆಸುಪಾಸಿಗೆ ಬಂದು ನಿಂತು, ಮೇಲಿನ ನೀರು ಅದಕ್ಕಿಂತ ತಣ್ಣಗಾದಾಗ ಒಂದು ಜಾಡಿಯ ತಳಕ್ಕೆ ಮೀನುತೊಟ್ಟಿಯ ಗಾಳಿ ಪಂಪಿನ ಕೊಳವೆ ಇಳಿಸಿ ಗುಳ್ಳೆ ಬಿಡಿ. ನೀರು ಹಿಂದಕ್ಕೆ ಹರಿದು ಪಂಪಿಗೆ ನುಗ್ಗದಂತೆ ಪಂಪನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಿ. ಆ ಜಾಡಿಯಲ್ಲಿ ಮೇಲಿನ ಮತ್ತು ತಳದ ಉಷ್ಣತೆಗಳು ಒಂದಕ್ಕೊಂದು ಸಮೀಪಿಸುತ್ತವೆ, ಮಂಜುಗಡ್ಡೆ ಬೇಗ ಕರಗುತ್ತದೆ. ಪಂಪು ಒಳಬಿಡುವ ಕೋಣೆಯ ಗಾಳಿಯೂ ಸ್ವಲ್ಪ ಉಷ್ಣ ಕೊಡುತ್ತದೆ. ಅದರ ಪಾಲು ಎಷ್ಟಿರಬಹುದೆಂದು ಅಂದಾಜು ಮಾಡಲು ವಿದ್ಯಾರ್ಥಿಗಳಿಗೆ ಹೇಳಿ.

ಪ್ರಯೋಗದ ನಡುವೆ ಕರಗುತ್ತಿರುವ ಚೂರೊಂದನ್ನು ಹೊರತೆಗೆದು ಅದರ ಅಡಿಭಾಗವನ್ನು ಮಕ್ಕಳು ಬೆರಳಿನಿಂದ ಮುಟ್ಟಿ ನೋಡಲಿ. ನೀರಿನೊಳಗಿದ್ದ ಭಾಗ ನುಣ್ಣಗೆ ಸವೆದಿರುತ್ತದೆ. ಜಾಡಿಯ ಮೇಲಿನಿಂದ ನೋಡುತ್ತಿದ್ದಾಗ ಅದು ಎಷ್ಟು ಸವೆದಿದೆಯೆಂದು ಹೇಳಲಾಗುತ್ತಿತ್ತೆ ಎಂದು ಅವರನ್ನು ಕೇಳಿ. ‘ಅಪಾಯ, ತೆಳು ಮಂಜುಗಡ್ಡೆ’ ಎಂದು ಫಲಕದ ಮೇಲೆ ಬರೆದು ಹಾಕಬೇಕಾದದ್ದು ಏಕೆಂಬುದನ್ನು ಆಮೇಲೆ ವಿವರಿಸಬೇಕಾಗಿ ಬರುವುದಿಲ್ಲ.